ಇಮೇಲ್ ವರ್ಮ್ ತೆಗೆಸಿದ ಅನುಭವ: ಕಲಬುರಗಿ ಸೂಪರ್ ಮಾರ್ಕೆಟ್‌ನ ಒಂದು ರಿಪೇರಿ ಅಂಗಡಿ

ಕಂಪ್ಯೂಟರಿಗೆ ವೈರಸ್, ಅಥವಾ ಮೇಲ್ ಮೂಲಕ ತನ್ನನ್ನು ತಾನೇ ಹರಡಿಕೊಳ್ಳುವ ವರ್ಮ್, ಹೊಕ್ಕಿದೆ ಎಂದು ಹೇಳಿಕೊಂಡು ಹೋದರೆ ಬಹುತೇಕ ರಿಪೇರಿ ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ, ಸಂಜೆ ಬನ್ನಿ.’ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ, ಬಟ್ಟೆ ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಒಂದು ಪುಟ್ಟ ಅಂಗಡಿಯಲ್ಲಿ ಮಾತ್ರ ನನ್ನನ್ನು ಕೂರಿಸಿ ಮೂರು ಪ್ರಶ್ನೆ ಕೇಳಿದರು. ಇದು ಒಳಗೆ ಬಂದದ್ದು ಹೇಗೆ? ಈಗ ಎಲ್ಲೆಲ್ಲಿ ಕೂತಿದೆ? ನಿಮ್ಮ ಹೆಸರಿನಲ್ಲಿ ಯಾರ್ಯಾರಿಗೆ ಹೋಗಿದೆ? ಈ ಮೂರನೆಯ ಪ್ರಶ್ನೆಯನ್ನು ಕೇಳುವ ರಿಪೇರಿಯವರು ನಮ್ಮ ಊರಿನಲ್ಲಿ ಇದ್ದಾರೆ ಎಂಬುದು ಹತ್ತು ಜನರಿಗೆ ತಿಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಜಿಎಸ್‌ಟಿ, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಪತ್ರ), ಖರೀದಿದಾರರ ಜೊತೆಗಿನ ಪತ್ರವ್ಯವಹಾರ, ಹೆಚ್ಚಿನದೆಲ್ಲ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಿಂದ ನಡೆಯುತ್ತದೆ. ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ನಮ್ಮ ಕಚೇರಿಯ ಹುಡುಗ ಮಾಲಿನ ತೂಕ, ಗಾಡಿ ನಂಬರು ತುಂಬುತ್ತಾನೆ. ಆ ರಿಪೇರಿ ಅಂಗಡಿಯ ಹೆಸರನ್ನು ಹಾಕಬೇಡಿ ಎಂದು ಅದರ ಮಾಲೀಕರು ಕೇಳಿಕೊಂಡಿದ್ದಾರೆ. ಈಗಿರುವ ಕೆಲಸವೇ ಅವರ ಕೈಗೆ ಮೀರಿದೆ. ಸುತ್ತಮುತ್ತಲಿನವರೆಲ್ಲ ಅವರನ್ನು ಭಾಯಿ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಹೊಸ ತೊಗರಿ ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಬರಲು ಶುರುವಾದರೆ ನಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ದಿನಕ್ಕೊಂದು ದರ, ಗಂಟೆಗೊಂದು ಫೋನು. ಅಂಥ ವೇಳೆಯಲ್ಲಿ ತಮಿಳುನಾಡಿನ ಒಬ್ಬ ಹಳೆಯ ಖರೀದಿದಾರರಿಂದ ಮೇಲ್ ಬಂತು. ನಾವೇ ಕಳುಹಿಸಿದ್ದ ದರಪಟ್ಟಿಗೆ ಬಂದ ಉತ್ತರ ಅದು. ಕೆಳಗೆ ನಮ್ಮದೇ ಹಳೆಯ ಮಾತುಕತೆ ಇತ್ತು, ಮೇಲೆ ಬಿಲ್ಲಿನಲ್ಲಿ ವ್ಯತ್ಯಾಸವಿದೆ ಪರಿಶೀಲಿಸಿ ಎಂಬ ಒಂದು ಸಾಲು, ಜೊತೆಗೆ ಒಂದು ಜಿಪ್ ಕಡತ (ಕಡತಗಳನ್ನು ಕಟ್ಟಿಟ್ಟ ಗಂಟು), ಅದನ್ನು ಬಿಚ್ಚುವ ಪಾಸ್‌ವರ್ಡ್. ಹುಡುಗ ತನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದ. ಬಿಲ್ಲಿನಂತೆ ಕಾಣುವ ಕಡತದ ಮೇಲೆ ಒತ್ತಿದ. ಕಪ್ಪು ಕಿಟಕಿಯೊಂದು ಮಿಂಚಿ ಮರೆಯಾಯಿತು, ಬಿಲ್ಲು ಮಾತ್ರ ತೆರೆಯಲಿಲ್ಲ. ಕಡತ ಕೆಟ್ಟಿರಬೇಕು ಎಂದುಕೊಂಡು ಅವನು ತನ್ನ ಕೆಲಸಕ್ಕೆ ಮರಳಿದ. ಗೊತ್ತಿರುವ ಮನುಷ್ಯ, ನಡೆಯುತ್ತಿದ್ದ ವ್ಯವಹಾರ, ನಮ್ಮದೇ ಪತ್ರಕ್ಕೆ ಉತ್ತರ. ಅವನ ಜಾಗದಲ್ಲಿ ಯಾರಿದ್ದರೂ ತೆರೆಯುತ್ತಿದ್ದರು ಎಂದು ನಾನು ಸಾಹುಕಾರರಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಮರುದಿನ ಬೆಳಿಗ್ಗೆಯಿಂದ ಫೋನುಗಳು. ‘ನೀವು ಕಳುಹಿಸಿದ ಬಿಲ್ಲು ತೆರೆಯುತ್ತಿಲ್ಲ’ ಎಂದು ಸೊಲ್ಲಾಪುರದಿಂದ ಒಬ್ಬರು, ‘ಇದೇನು ಪಾಸ್‌ವರ್ಡ್ ಹಾಕಿ ಕಳುಹಿಸಿದ್ದೀರಿ’ ಎಂದು ಹೈದರಾಬಾದಿನಿಂದ ಇನ್ನೊಬ್ಬರು. ನಮ್ಮ ಮೇಲ್ ಪೆಟ್ಟಿಗೆಯಲ್ಲಿ, ತಲುಪದೆ ಮರಳಿ ಬಂದ ಪತ್ರಗಳ ಸರಮಾಲೆ. ಆದರೆ ‘ಕಳುಹಿಸಿದ್ದು’ ವಿಭಾಗವನ್ನು ನೋಡಿದರೆ ಅಲ್ಲಿ ಅಂಥ ಒಂದು ಪತ್ರವೂ ಇಲ್ಲ. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದೇ. ಗಂಜಿನ ವ್ಯಾಪಾರ ನಿಂತಿರುವುದು ಬಾಯಿಮಾತಿನ ಮೇಲೆ. ನಮ್ಮ ಹೆಸರಿನ ಪತ್ರವನ್ನು ನಂಬಿ ಇನ್ನೊಬ್ಬರ ಕಚೇರಿ ಹಾಳಾದರೆ ಆ ಹೆಸರನ್ನು ಮತ್ತೆ ಗಳಿಸುವುದು ಸುಲಭವಲ್ಲ.

ಮೊದಲು ಹೋದ ಅಂಗಡಿಯಲ್ಲಿ (ಅದರ ಹೆಸರೂ ಬೇಡ) ನಾನು ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಕಂಪ್ಯೂಟರನ್ನು ಒಳಗೆ ತೆಗೆದುಕೊಂಡರು. ಫಾರ್ಮ್ಯಾಟಿಗೆ 500 ರೂಪಾಯಿ, ಟ್ಯಾಲಿ ಡೇಟಾ ತೆಗೆದಿಡಲು ಬೇರೆ ಹಣ. ಹೋದ ಪತ್ರಗಳ ಗತಿಯೇನು ಎಂದರೆ, ‘ಎಲ್ಲ ಅಳಿಸಿ ಹೋಗುತ್ತದೆ, ಚಿಂತೆ ಬೇಡ.’ ಆ ಉತ್ತರದಲ್ಲಿ ಎಲ್ಲೋ ತಪ್ಪಿದೆ ಅನ್ನಿಸಿ ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಹೊರಟೆ. ನಮ್ಮ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ವಿಚಾರಿಸಿದಾಗ ಭಾಯಿಯ ಅಂಗಡಿಯ ಗುರುತು ಹೇಳಿದರು.

ಮೆಟ್ಟಿಲು ಕಡಿದಾಗಿವೆ, ಭಾರದ ವಸ್ತು ಇದ್ದರೆ ಜೊತೆಗೆ ಒಬ್ಬರು ಇರಲಿ. ಒಳಗೆ ಎರಡು ಮೇಜು, ಗೋಡೆಯ ತುಂಬ ಬಿಚ್ಚಿದ ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ಬಿಳಿ ಟೇಪ್ ಅಂಟಿಸಿ ಅದರ ಮೇಲೆ ಮಾಲೀಕರ ಹೆಸರು, ತಂದ ತಾರೀಖು. 2000ದ ಆಸುಪಾಸಿನಲ್ಲಿ ಭಾಯಿ ಇದೇ ಜಾಗದಲ್ಲಿ ಸೈಬರ್ ಕೆಫೆ ನಡೆಸುತ್ತಿದ್ದರಂತೆ. ಇಮೇಲ್ ವರ್ಮ್‌ಗಳ ಹಾವಳಿಯನ್ನು ಅವರು ಕಲಿತದ್ದು ಅಲ್ಲಿ, ಗಿರಾಕಿಗಳ ಕಂಪ್ಯೂಟರುಗಳ ಮುಂದೆ ಕೂತು.

ಅವರು ಮೊದಲು ಕೇಳಿದ್ದು, ಇನ್ನೊಂದು ಕಂಪ್ಯೂಟರ್ ಎಲ್ಲಿದೆ ಎಂದು. ಎರಡಕ್ಕೂ ಒಂದೇ ನೆಟ್‌ವರ್ಕ್, ಟ್ಯಾಲಿಯ ಫೋಲ್ಡರ್ ಇಬ್ಬರಿಗೂ ತೆರೆದಿದೆ ಎಂದು ಗೊತ್ತಾದ ಕೂಡಲೇ ಕಚೇರಿಗೆ ಫೋನ್ ಮಾಡಿಸಿ ಅದರ ಕೇಬಲ್ ಕೀಳಿಸಿದರು. ‘ಒಂದು ಚೀಲದ ತೊಗರಿಗೆ ಹುಳು ಬಿದ್ದರೆ ನೀವು ಆ ಚೀಲಕ್ಕೆ ಮಾತ್ರ ಔಷಧಿ ಇಡುತ್ತೀರಾ ಅಕ್ಕಾ, ಇಡೀ ಗೋದಾಮಿಗೆ ಇಡುತ್ತೀರಾ?’ ಎಂದರು. ದಾಲ್ ಮಿಲ್ಲಿನವಳಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಹುಡುಗ ಆ ಎರಡನೆಯ ಕಂಪ್ಯೂಟರನ್ನೂ ತಂದ.

ಆಮೇಲೆ ಅವರು ಆ ಮೇಲನ್ನು ಒಂದು ಬೇರೆ ಯಂತ್ರದಲ್ಲಿ, ಜಿಪ್ಪನ್ನು ಬಿಚ್ಚದೆ, ನಮ್ಮ ಮುಂದೆಯೇ ಇಟ್ಟುಕೊಂಡು ಪರೀಕ್ಷಿಸಿದರು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ. ‘ಇವನನ್ನು ಬೈದರೆ ಮುಂದಿನ ಸಲ ಮುಚ್ಚಿಡುತ್ತಾನೆ, ನಿಮಗೆ ತಿಳಿಯುವುದು ತಡವಾಗುತ್ತದೆ’ ಎಂದು ನನಗೆ ಹೇಳಿದರು. ಅವರ ಕೆಲಸದ ಮೇಲೆ ನನಗೆ ನಂಬಿಕೆ ಮೂಡಿದ್ದು ಆ ಮಾತಿನಿಂದ.

ಆ ಒಂದು ಮೇಲಿನಲ್ಲಿ ಇದ್ದ ಉಪಾಯಗಳೆಲ್ಲ ಹಳೆಯವು ಎಂದು ಅವರು ಒಂದೊಂದಾಗಿ ತೋರಿಸಿದರು. ಕಡತದ ಹೆಸರಿನಲ್ಲಿ ಪಿಡಿಎಫ್ ಎಂದು ಕಾಣುತ್ತದೆ, ಆದರೆ ಅದರ ನಂತರ ಇನ್ನೊಂದು ಬಾಲವಿದೆ: ವಿಬಿಎಸ್. ಪರಿಚಿತ ಕಡತಗಳ ಕೊನೆಯ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುವುದರಿಂದ ನೋಡುವವರಿಗೆ ಪಿಡಿಎಫ್ ಮಾತ್ರ ಕಾಣುತ್ತದೆ. ವಿಬಿಎಸ್ ಎಂದರೆ ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವರ್ಮ್ ಇದೇ ಉಪಾಯದಿಂದ ಜಗತ್ತನ್ನು ಸುತ್ತಿತು. ಪ್ರೇಮಪತ್ರದಂತೆ, ಟಿಎಕ್ಸ್‌ಟಿ (ಬರಿಯ ಬರಹದ) ಕಡತದಂತೆ ಕಾಣುತ್ತಿದ್ದ ಅದನ್ನು ತೆರೆದವರ ಔಟ್‌ಲುಕ್ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು, ಮೇಲಾಗಿ ಅವರ ಚಿತ್ರಗಳ ಕಡತಗಳನ್ನು ಅಳಿಸಿ ಅಲ್ಲಿ ತನ್ನನ್ನೇ ಬರೆದುಕೊಳ್ಳುತ್ತಿತ್ತು. ಅದಕ್ಕೂ ಹಿಂದಿನ ವರ್ಷ, 1999ರ ಮಾರ್ಚ್‌ನಲ್ಲಿ ಬಂದ ‘ಮೆಲಿಸ್ಸಾ’ ವರ್ಡ್ ಕಡತದ ಮ್ಯಾಕ್ರೊದಲ್ಲಿ (ಕಡತದೊಳಗೆ ಓಡುವ ಸಣ್ಣ ಪ್ರೋಗ್ರಾಂನಲ್ಲಿ) ಕೂತು ಮೊದಲ 50 ವಿಳಾಸಗಳಿಗೆ ಹೋಗುತ್ತಿತ್ತು.

ಜಿಪ್ಪಿಗೆ ಪಾಸ್‌ವರ್ಡ್ ಹಾಕಿದ್ದು ಗುಟ್ಟು ಕಾಪಾಡಲಿಕ್ಕಲ್ಲ. ಬೀಗ ಹಾಕಿದ ಜಿಪ್ಪಿನ ಒಳಗೇನಿದೆ ಎಂದು ದಾರಿಯಲ್ಲಿರುವ ಮೇಲ್ ಸರ್ವರಿನ ಆಂಟಿವೈರಸ್‌ಗೆ ಕಾಣುವುದಿಲ್ಲ, ಅದಕ್ಕಾಗಿ. 2004ರಲ್ಲಿ ‘ಬೇಗಲ್’ ಎಂಬ ವರ್ಮ್ ಮಾಡಿದ್ದೂ ಇದೇ. ಪತ್ರದಲ್ಲಿ ಬರೆದ ಪಾಸ್‌ವರ್ಡನ್ನು ಸರ್ವರುಗಳು ಓದಲು ಕಲಿತಾಗ ಅದು ಪಾಸ್‌ವರ್ಡನ್ನು ಚಿತ್ರವಾಗಿ ಕಳುಹಿಸತೊಡಗಿತು. ಇನ್ನು ಹಳೆಯ ಮಾತುಕತೆಯ ಕೆಳಗೆ ಉತ್ತರದಂತೆ ಬಂದು ಕೂರುವ ಕಲೆಯನ್ನು ಈಚಿನ ವರ್ಷಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ‘ಎಮೊಟೆಟ್’. ಅದು ವಿಳಾಸಗಳ ಜೊತೆಗೆ ಪತ್ರಗಳನ್ನೂ ಕದಿಯುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರುಗಳನ್ನು ವಶಪಡಿಸಿಕೊಂಡರು, ಅದೇ ವರ್ಷದ ನವೆಂಬರ್ ಹೊತ್ತಿಗೆ ಅದು ಮತ್ತೆ ಎದ್ದು ಬಂತು. ನಮಗೆ ಬಂದದ್ದು ಇವುಗಳಲ್ಲಿ ಯಾವುದೂ ಅಲ್ಲ. ಆದರೆ ಎಲ್ಲರಿಂದಲೂ ಒಂದೊಂದು ಪಾಠ ಕಲಿತಿತ್ತು.

ಇಲ್ಲಿಂದ ಮುಂದಿನ ಭಾಗಕ್ಕಾಗಿಯೇ ನಾನು ಈ ಅಂಗಡಿಗೆ ಪೂರ್ಣ ಅಂಕ ಕೊಡುವುದು. ಸೊಲ್ಲಾಪುರದವರಿಗೂ ಹೈದರಾಬಾದಿನವರಿಗೂ ಫೋನ್ ಮಾಡಿಸಿ, ಅವರಿಗೆ ಬಂದ ಪತ್ರದ ಪೂರ್ಣ ಹೆಡರ್ ತರಿಸಿಕೊಂಡರು. ಪ್ರತಿ ಮೇಲಿನ ಹಿಂದೆಯೂ ಅದು ನಡೆದು ಬಂದ ದಾರಿಯ ದಾಖಲೆ ಇರುತ್ತದೆ. ಕೈಬದಲಾಯಿಸಿದ ಪ್ರತಿಯೊಂದು ಸರ್ವರೂ ತನ್ನ ಮೊಹರನ್ನು ಮೇಲುಗಡೆ ಒತ್ತುತ್ತಾ ಹೋಗುವುದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕಳುಹಿಸಿದವರ ಹೆಸರಿನ ಸಾಲನ್ನು ಯಾರು ಬೇಕಾದರೂ ಬರೆಯಬಹುದು, ಕೆಳಗಿನ ಮೊಹರುಗಳನ್ನೂ ಸುಳ್ಳಾಗಿ ಒತ್ತಬಹುದು, ಆದರೆ ಪತ್ರವನ್ನು ಕೊನೆಗೆ ಪಡೆದ ಸರ್ವರಿನ ಮೊಹರನ್ನು ನಂಬಬಹುದು. ಹಾಗೆ ಓದಿದಾಗ ಎರಡು ಬಗೆಯ ಪತ್ರಗಳು ಕಂಡವು. ಸೊಲ್ಲಾಪುರಕ್ಕೆ ಹೋದದ್ದು ನಿಜವಾಗಿಯೂ ನಮ್ಮದೇ ಮೇಲ್ ಖಾತೆಯಿಂದ, ನಮ್ಮ ಪಾಸ್‌ವರ್ಡ್ ಬಳಸಿ ಹೋಗಿತ್ತು. ಹೊರಟ ವೇಳೆ ರಾತ್ರಿ, ಆಗ ನಮ್ಮ ಎರಡೂ ಕಂಪ್ಯೂಟರುಗಳು ಆರಿದ್ದವು. ಅಂದರೆ ಪಾಸ್‌ವರ್ಡನ್ನು ಕದ್ದು ಇನ್ನೆಲ್ಲಿಂದಲೋ ಕಳುಹಿಸಿದ್ದಾರೆ, ಹೀಗಾಗಿಯೇ ನಮ್ಮ ‘ಕಳುಹಿಸಿದ್ದು’ ವಿಭಾಗ ಖಾಲಿ. ಹೈದರಾಬಾದಿಗೆ ಹೋದದ್ದರಲ್ಲಿ ನಮ್ಮದು ಹೆಸರು ಮಾತ್ರ, ವಿಳಾಸ ಯಾರದೋ, ಸರ್ವರ್ ಯಾರದೋ.

ಭಾಯಿ ಕಾಗದದ ಮೇಲೆ ಒಂದು ಗೆರೆ ಎಳೆದು ಎರಡು ಭಾಗ ಮಾಡಿದರು. ಮೊದಲ ಬಗೆಯನ್ನು ಪಾಸ್‌ವರ್ಡ್ ಬದಲಾಯಿಸಿದರೆ ನಿಲ್ಲಿಸಬಹುದು. ಎರಡನೆಯ ಬಗೆಯನ್ನು ನಾವು ಏನು ಮಾಡಿದರೂ ನಿಲ್ಲಿಸಲು ಆಗುವುದಿಲ್ಲ, ಏಕೆಂದರೆ ಕದ್ದ ಪತ್ರಗಳು ಆಗಲೇ ಅವರ ಕೈಯಲ್ಲಿವೆ. ಖರೀದಿದಾರರನ್ನು ಎಚ್ಚರಿಸುವುದೊಂದೇ ದಾರಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ್ದರೆ ಈ ಎರಡರಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಮೊದಲ ಅಂಗಡಿಯವರ ಉತ್ತರದಲ್ಲಿ ನನಗೆ ಚುಚ್ಚಿದ ತಪ್ಪು ಇದೇ ಎಂದು ಆಗ ಸ್ಪಷ್ಟವಾಯಿತು.

ಪಾಸ್‌ವರ್ಡ್ ಬದಲಾವಣೆ ಕಂಪ್ಯೂಟರ್ ಸ್ವಚ್ಛವಾಗುವವರೆಗೆ ಕಾಯಲಿಲ್ಲ. ಸೋಂಕು ತಗುಲಿದ ಯಂತ್ರದಲ್ಲಿ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದನ್ನೂ ಕೊಟ್ಟಂತೆಯೇ ಎಂದು, ನನ್ನ ಮೊಬೈಲಿನಿಂದಲೇ ಮಾಡಿಸಿದರು. ಎಲ್ಲ ಕಡೆಯಿಂದಲೂ ಲಾಗ್‌ಔಟ್ ಮಾಡಿಸಿ, ಎರಡು ಹಂತದ ಪರಿಶೀಲನೆ ಹಾಕಿಸಿದರು. ನಂತರ ನನಗೆ ಹೊಳೆಯದ ಇನ್ನೊಂದು ಜಾಗಕ್ಕೆ ಹೋದರು: ಖಾತೆಯ ಫಿಲ್ಟರುಗಳು ಮತ್ತು ಫಾರ್ವರ್ಡಿಂಗ್. ಬರುವ ಪತ್ರಗಳ ಪ್ರತಿ ತಮಗೆ ಹೋಗುವಂತೆಯೋ, ಖರೀದಿದಾರರ ದೂರುಗಳು ನಮಗೆ ಕಾಣದೆ ಕಸದ ಬುಟ್ಟಿಗೆ ಬೀಳುವಂತೆಯೋ ಕೆಲವರು ಅಲ್ಲಿ ನಿಯಮ ಬರೆದಿಟ್ಟು ಹೋಗುತ್ತಾರಂತೆ. ಪಾಸ್‌ವರ್ಡ್ ಬದಲಾಯಿಸಿದರೂ ಆ ನಿಯಮ ಉಳಿದುಕೊಳ್ಳುತ್ತದೆ. ನಮ್ಮ ಖಾತೆಯಲ್ಲಿ ಅಂಥದ್ದು ಇರಲಿಲ್ಲ. ಇಲ್ಲದ್ದನ್ನೂ ಹುಡುಕಿ ನೋಡಿದ್ದು ನನಗೆ ಮೆಚ್ಚುಗೆಯಾಯಿತು.

ಈಗ ಕಂಪ್ಯೂಟರಿನ ಮಾತು. ಟ್ಯಾಲಿ ಡೇಟಾವನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದಿಟ್ಟು, ಅದನ್ನು ನನ್ನ ಎದುರಿನಲ್ಲೇ ತೆರೆದು, ಹಿಂದಿನ ದಿನದ ಕೊನೆಯ ವೋಚರ್ ಇದೆಯೇ ಎಂದು ನನ್ನಿಂದಲೇ ನೋಡಿಸಿದರು. ಬಳಿಕ ಮೈಕ್ರೊಸಾಫ್ಟ್‌ನವರು ಉಚಿತವಾಗಿ ಕೊಡುವ ‘ಆಟೊರನ್ಸ್’ ಎಂಬ ಸಾಧನವನ್ನು ತೆರೆದರು. ಕಂಪ್ಯೂಟರ್ ಚಾಲೂ ಆದಾಗ ತಾನಾಗಿಯೇ ಏಳುವ ಪ್ರತಿಯೊಂದು ಪ್ರೋಗ್ರಾಮಿನ ಪಟ್ಟಿ ಅದರಲ್ಲಿ ಬರುತ್ತದೆ. ಪಟ್ಟಿ ಭಯ ಹುಟ್ಟಿಸುವಷ್ಟು ಉದ್ದ. ಮೈಕ್ರೊಸಾಫ್ಟ್‌ನ ಸಾಲುಗಳನ್ನು ಮರೆಮಾಡಿದಾಗ ಸಾಕಷ್ಟು ಇಳಿಯಿತು. ಉಳಿದವುಗಳಲ್ಲಿ ಕೆಲವು ಸಾಲು ನಸುಗೆಂಪು: ಅವುಗಳಿಗೆ ತಯಾರಕರ ಪರಿಶೀಲಿತ ಸಹಿ ಇಲ್ಲ. ಕೆಲವು ಹಳದಿ: ಹೆಸರಿದೆ, ಕಡತವಿಲ್ಲ. ನಸುಗೆಂಪಿನವೆಲ್ಲ ಕೆಟ್ಟವಲ್ಲ, ನಮ್ಮ ತೂಕದ ಯಂತ್ರದ ಸಣ್ಣ ಸಾಫ್ಟ್‌ವೇರ್ ಕೂಡ ಅದೇ ಬಣ್ಣದಲ್ಲಿತ್ತು. ಅದು ಏನು ಎಂದು ನನ್ನನ್ನು ಕೇಳಿ ಖಚಿತಪಡಿಸಿಕೊಂಡು ಬಿಟ್ಟರು. ಅದರ ಕೆಳಗಿನ ಸಾಲಿನಲ್ಲಿ ನಮ್ಮ ಅತಿಥಿ ಕೂತಿತ್ತು. ಬಳಕೆದಾರರ ಆಪ್‌ಡೇಟಾ ಫೋಲ್ಡರಿನಲ್ಲಿ, ಅರ್ಥವಿಲ್ಲದ ಅಕ್ಷರಗಳ ಹೆಸರು, ಹುಡುಗ ಜಿಪ್ ತೆರೆದ ಅದೇ ದಿನ, ಅದೇ ಹೊತ್ತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ‘ರನ್’ ಎಂಬ ಜಾಗದಲ್ಲಿ ತನ್ನ ಹೆಸರು ಬರೆದುಕೊಂಡಿತ್ತು. 2000ದ ಆ ಪ್ರೇಮಪತ್ರವೂ ಇದೇ ಜಾಗದಲ್ಲಿ ಬರೆದುಕೊಳ್ಳುತ್ತಿತ್ತು.

ಭಾಯಿ ಅದನ್ನು ಕೂಡಲೇ ಅಳಿಸಲಿಲ್ಲ. ಎದುರಿನ ಗುರುತನ್ನು ತೆಗೆದು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಚಹಾ ತರಿಸಿದರು. ‘ಸ್ವಲ್ಪ ಕಾಯೋಣ, ಇದಕ್ಕೆ ಜೊತೆಗಾರ ಇದ್ದಾನೆಯೇ ನೋಡೋಣ’ ಎಂದರು. ಚಹಾ ಮುಗಿಯುವ ಹೊತ್ತಿಗೆ ಪಟ್ಟಿಯನ್ನು ಹೊಸದಾಗಿ ತೆರೆದರೆ ಅದೇ ಸಾಲು ಮತ್ತೆ ಬಂದು ನಿಂತಿತ್ತು. ಆಗ, ಗೊತ್ತುಮಾಡಿದ ಹೊತ್ತಿಗೆ ಕೆಲಸಗಳನ್ನು ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆದರು. ಪ್ರಿಂಟರ್ ಅಪ್‌ಡೇಟ್ ಎಂದು ಹೆಸರಿಟ್ಟುಕೊಂಡ ಒಂದು ಕೆಲಸ ಅಲ್ಲಿ ಇತ್ತು. ಆಗಾಗ ಎದ್ದು, ರನ್ ಜಾಗದಲ್ಲಿ ತನ್ನ ಸಾಲು ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಮತ್ತೆ ಬರೆಯುವುದು, ಇಷ್ಟೇ ಅದರ ಕೆಲಸ. ಒಂದನ್ನು ಅಳಿಸಿದರೆ ಇನ್ನೊಂದು ಅದನ್ನು ಹುಟ್ಟಿಸುತ್ತದೆ. ಅತ್ಯಗತ್ಯದ ಪ್ರೋಗ್ರಾಂಗಳಷ್ಟೇ ಏಳುವ ಸೇಫ್ ಮೋಡ್‌ನಲ್ಲಿ ಚಾಲೂ ಮಾಡಿ, ಮೊದಲು ಆ ಶೆಡ್ಯೂಲ್, ಆಮೇಲೆ ರನ್ ಸಾಲು, ಕೊನೆಗೆ ಕಡತ, ಈ ಕ್ರಮದಲ್ಲಿ ತೆಗೆದರು. ಯಾವ ತಾಣದ ಹೆಸರಿಗೆ ಯಾವ ವಿಳಾಸ ಎಂದು ಬರೆದಿಡುವ ಹೋಸ್ಟ್ಸ್ ಕಡತವನ್ನೂ ತೆರೆದು ನೋಡಿದರು. 2004ರ ‘ಮೈಡೂಮ್’ ವರ್ಮ್‌ನ ಎರಡನೆಯ ಅವತಾರ ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ಆ ಕಡತದಲ್ಲಿ ಬರೆದುಬಿಡುತ್ತಿತ್ತು, ಅಂದಿನಿಂದ ಅದನ್ನು ನೋಡದೆ ತಾನು ಯಾವ ಯಂತ್ರವನ್ನೂ ಮರಳಿ ಕೊಡುವುದಿಲ್ಲ ಎಂದರು.

ಕೈಯಿಂದ ತೆಗೆದದ್ದನ್ನು ಕಣ್ಣಿಗೆ ಕಂಡಷ್ಟು ಮಾತ್ರ ನಂಬಬೇಕು. ಆದ್ದರಿಂದ ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್ ಎಂಬ ಆಂಟಿವೈರಸ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದರು. ವಿಂಡೋಸ್ ಏಳುವ ಮೊದಲೇ, ಅದರ ಹೊರಗಿನಿಂದ ಡಿಸ್ಕನ್ನು ಪರೀಕ್ಷಿಸುವ ಸ್ಕ್ಯಾನ್ ಇದು. ಮಲಗಿರುವ ವರ್ಮ್ ಆಗ ತನ್ನನ್ನು ಮರೆಮಾಡಿಕೊಳ್ಳಲು ಆಗುವುದಿಲ್ಲ. ಸುಮಾರು ಕಾಲು ಗಂಟೆಯ ಕೆಲಸ. ಟೆಂಪ್ ಫೋಲ್ಡರಿನಲ್ಲಿ ಉಳಿದಿದ್ದ ಇನ್ನೊಂದು ಪ್ರತಿ ಅದರಲ್ಲಿ ಸಿಕ್ಕಿತು. ನಂತರ ಪೂರ್ಣ ಸ್ಕ್ಯಾನ್, ರಾತ್ರಿಯಿಡೀ. ಇದಕ್ಕೆ ಯಾವ ಹಣದ ಆಂಟಿವೈರಸ್ಸನ್ನೂ ಮಾರಲು ಅವರು ಪ್ರಯತ್ನಿಸಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥದ್ದಕ್ಕೆ ಉಚಿತ ಸಾಧನಗಳನ್ನು ಕೊಡುತ್ತಿದೆ ಎಂದೂ ಅವರೇ ಹೇಳಿದರು.

ಹುಡುಗನ ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅವರ ತೀರ್ಪು ಬೇರೆ. ಅದರಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ ಮೈಕ್ರೊಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ವರ್ಮ್ ಮೊದಲು ಹೊಕ್ಕಿದ್ದು ಅದರಲ್ಲಿಯೇ, ಆಂಟಿವೈರಸ್ಸನ್ನು ಅದು ನಿಲ್ಲಿಸಿಬಿಟ್ಟಿತ್ತು, ಇನ್ನೇನು ಮಾಡಿದೆಯೋ ಹೇಳಲಾಗದು. ‘ಇದನ್ನು ಸ್ವಚ್ಛ ಮಾಡಿದೆ ಎಂದು ನಾನು ನನ್ನ ಹೆಸರಿನ ಮೇಲೆ ಹೇಳಲಾರೆ’ ಎಂದು, ಬೇಕಾದ ಕಡತಗಳನ್ನು ತೆಗೆದಿಟ್ಟು, ಡಿಸ್ಕನ್ನು ಪೂರ್ತಿ ಅಳಿಸಿ ಹೊಸ ವಿಂಡೋಸ್ ಹಾಕಿದರು. ಹೀಗೆ ಫಾರ್ಮ್ಯಾಟ್ ಇಲ್ಲಿಯೂ ಆಯಿತು. ಆದರೆ ಕಾರಣ ಕೊಟ್ಟು, ಬೇರೆಲ್ಲ ಕೆಲಸ ಮುಗಿದ ಮೇಲೆ ಆಯಿತು. ಫಾರ್ಮ್ಯಾಟನ್ನು ನಾನು ಬೇಡವೆನ್ನುವುದಿಲ್ಲ, ಅಷ್ಟಕ್ಕೇ ಕೆಲಸ ಮುಗಿಯಿತು ಎಂದು ಗಿರಾಕಿಯನ್ನು ಕಳುಹಿಸುವುದನ್ನು ಬೇಡವೆನ್ನುತ್ತೇನೆ.

ಮರಳಿ ಕೊಡುವ ಮುಂಚೆ ಎರಡೂ ಕಂಪ್ಯೂಟರುಗಳಲ್ಲಿ ಕಡತಗಳ ಪೂರ್ಣ ಹೆಸರು, ಬಾಲದ ಸಮೇತ, ಕಾಣುವಂತೆ ಮಾಡಿದರು. ವಿಬಿಎಸ್ ಮತ್ತು ಅದರಂತೆಯೇ ಓಡುವ ಜೆಎಸ್ ಕಡತಗಳ ಮೇಲೆ ಒತ್ತಿದರೆ ಅವು ಓಡದೆ ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುವಂತೆ ಮಾಡಿದರು. ಖಾಲಿ ವಿಬಿಎಸ್ ಕಡತವೊಂದನ್ನು ಮಾಡಿ ಹುಡುಗನ ಕೈಯಿಂದ ಒತ್ತಿಸಿ ತೋರಿಸಿದರು. ಐದು ನಿಮಿಷವೂ ಹಿಡಿಯದ ಕೆಲಸ. ಯಾವ ಕಚೇರಿಯಲ್ಲಾದರೂ ಇವತ್ತೇ ಮಾಡಿಕೊಳ್ಳಬಹುದು, ಅದಕ್ಕೆ ಯಾವ ಅಂಗಡಿಯೂ ಬೇಡ.

ಇನ್ನು ಖರೀದಿದಾರರು. ಮೇಲ್ ಪೆಟ್ಟಿಗೆಯಲ್ಲಿದ್ದ ವಿಳಾಸಗಳ ಪಟ್ಟಿ ಮಾಡಿಸಿ, ದೊಡ್ಡ ವ್ಯವಹಾರದವರಿಗೆ ಫೋನ್, ಉಳಿದವರಿಗೆ ವಾಟ್ಸಪ್ ಎಂದು ವಿಂಗಡಿಸಿಕೊಂಡೆವು. ಎಚ್ಚರಿಕೆಯ ಸಂದೇಶದಲ್ಲಿ ಕೊಂಡಿ ಇರಬಾರದು, ಕಡತ ಇರಬಾರದು, ಹೇಳಬೇಕಾದದ್ದೆಲ್ಲ ನಾಲ್ಕು ಸಾಲಿನಲ್ಲಿ ಮುಗಿಯಬೇಕು ಎಂದು ಭಾಯಿ ಹೇಳಿದ್ದರು. ನಾವು ಬರೆದದ್ದು ಹೀಗೆ: ‘ನಮ್ಮ ಮಿಲ್ಲಿನ ಹೆಸರಿನಲ್ಲಿ ಜಿಪ್ ಕಡತವಿರುವ ಮೇಲ್ ಬಂದಿದ್ದರೆ ತೆರೆಯಬೇಡಿ. ತೆರೆದಿದ್ದರೆ ಕಂಪ್ಯೂಟರಿನ ನೆಟ್ ಕೇಬಲ್ ತೆಗೆದು ನಮಗೆ ಫೋನ್ ಮಾಡಿ. ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಬದಲಾಗಿದೆ ಎಂದು ಮೇಲ್ ಬಂದರೆ ನಂಬಬೇಡಿ, ಹಣ ಹಾಕುವ ಮೊದಲು ಮಾತಾಡಿ.’ ಮೂರನೆಯ ಸಾಲು ನನಗೆ ಹೊಳೆದಿರಲಿಲ್ಲ. ದರ, ಬಿಲ್ಲು, ಬಾಕಿಯ ವಿವರವೆಲ್ಲ ಇರುವ ಪತ್ರಗಳು ಕಳ್ಳರ ಕೈಯಲ್ಲಿದ್ದಾಗ ಮುಂದಿನ ಹೆಜ್ಜೆ ಖಾತೆ ನಂಬರು ಬದಲಾಯಿಸಿದ ಸುಳ್ಳು ಬಿಲ್ಲು. ಯಾರದಾದರೂ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂದೂ ತಿಳಿಸಿದೆವು. ಯಾರದೂ ಹೋಗಿರಲಿಲ್ಲ. ನಮಗೆ ಆ ಮೊದಲ ಮೇಲ್ ಬಂದಿದ್ದ ತಮಿಳುನಾಡಿನವರಿಗೂ ಹೇಳಿದೆವು, ತಮ್ಮ ಕಂಪ್ಯೂಟರಿಗೆ ಸೋಂಕು ತಗುಲಿದೆ ಎಂಬುದು ಅವರಿಗೆ ನಮ್ಮಿಂದಲೇ ತಿಳಿಯಿತು. ಸೊಲ್ಲಾಪುರದವರು ಕಡತವನ್ನು ತೆರೆಯಲು ನೋಡಿದ್ದರಷ್ಟೇ, ಪಾಸ್‌ವರ್ಡ್ ತಪ್ಪಾಗಿ ಹೊಡೆದದ್ದರಿಂದ ಉಳಿದುಕೊಂಡಿದ್ದರು. ‘ಹೇಳಿದ್ದಕ್ಕೆ ಒಳ್ಳೆಯದಾಯಿತು’ ಎಂದು ಅದೇ ವಾರ ಮಾಲಿಗೆ ಆರ್ಡರ್ ಕೊಟ್ಟರು.

ಕೊರತೆಗಳೂ ಇವೆ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಭಾಯಿ ಹೇಳುವುದಿಲ್ಲ. ‘ಅದು ಬಿಟ್ಟಾಗ’ ಎನ್ನುತ್ತಾರೆ. ತೊಗರಿ ಹಂಗಾಮಿನಲ್ಲಿ ಇ-ವೇ ಬಿಲ್ ಇಲ್ಲದೆ ಗಾಡಿ ನಿಲ್ಲಿಸಿಕೊಂಡವರಿಗೆ ಇದು ಕಷ್ಟ, ಪಕ್ಕದ ಮಿಲ್ಲಿನವರ ಕಂಪ್ಯೂಟರಿನಲ್ಲಿ ಬಿಲ್ ತೆಗೆದು ನಾವು ದಿನ ದೂಡಿದೆವು. ತುರ್ತಿನವರಿಗಾಗಿ ಒಂದು ಬದಲಿ ಕಂಪ್ಯೂಟರನ್ನು ಬಾಡಿಗೆಗೆ ಇಟ್ಟರೆ ಅವರಿಗೂ ಲಾಭ, ಗಿರಾಕಿಗೂ ನೆಮ್ಮದಿ. ಎರಡನೆಯದು, ಕಂಪ್ಯೂಟರ್ ಒಳಗೆ ತೆಗೆದುಕೊಳ್ಳುವಾಗ ಟೇಪಿನ ಮೇಲಿನ ಹೆಸರು ಬಿಟ್ಟರೆ ಬೇರೆ ರಸೀದಿ ಕೊಡುವುದಿಲ್ಲ. ನಾನು ಹಟ ಹಿಡಿದು ಡಿಸ್ಕಿನ ಸೀರಿಯಲ್ ನಂಬರ್ ಸಮೇತ ಬರೆಸಿಕೊಂಡೆ, ನೀವೂ ಬರೆಸಿಕೊಳ್ಳಿ. ಒಂದು ಸಂಸ್ಥೆಯ ಇಡೀ ಲೆಕ್ಕ ಆ ಡಿಸ್ಕಿನಲ್ಲಿರುತ್ತದೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಫೋನ್ ಎತ್ತುವುದು ಅಪರೂಪ.

ಎರಡು ಕಂಪ್ಯೂಟರ್, ಮೇಲ್ ಖಾತೆಯ ಕೆಲಸ, ಹೆಡರ್ ಓದಿದ್ದು, ಎಲ್ಲ ಸೇರಿ 2,400 ರೂಪಾಯಿ ತೆಗೆದುಕೊಂಡರು. ಬರಿಯ ಫಾರ್ಮ್ಯಾಟಿನ ದರಕ್ಕೆ ಹೋಲಿಸಿದರೆ ಹೆಚ್ಚು. ಸಾಹುಕಾರರು ಮೊದಲು ಹುಬ್ಬೇರಿಸಿದರು, ಖರೀದಿದಾರರಿಗೆ ಮಾಡಿದ ಫೋನುಗಳ ಪಟ್ಟಿಯನ್ನು ನೋಡಿದ ಮೇಲೆ ಸುಮ್ಮನೆ ಸಹಿ ಹಾಕಿದರು. ನನ್ನ ಮಟ್ಟಿಗೆ ಇದು ನ್ಯಾಯವಾದ ಹಣ. ಮನೆಯಲ್ಲಿ ಮಕ್ಕಳು ಆಟ ಆಡುವ ಕಂಪ್ಯೂಟರಿಗಾದರೆ ಇಷ್ಟು ಖರ್ಚು ಬೇಕಿಲ್ಲ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನನ್ನು ನೀವೇ ಓಡಿಸಿ ನೋಡಿ, ಪಾಸ್‌ವರ್ಡನ್ನು ಬೇರೆ ಮೊಬೈಲಿನಿಂದ ಬದಲಾಯಿಸಿ. ಅಡತ್ ಅಂಗಡಿ, ಮಿಲ್, ದವಾಖಾನೆ, ವಕೀಲರ ಕಚೇರಿ, ಹೀಗೆ ಬೇರೆಯವರ ಪತ್ರಗಳು ನಿಮ್ಮ ಕೈಯಲ್ಲಿರುವ ಜಾಗವಾದರೆ ಇಂಥ ಅಂಗಡಿಗೇ ಹೋಗಿ.

ಹೋಗುವಾಗ ನೆಟ್‌ವರ್ಕಿನಲ್ಲಿರುವ ಎಲ್ಲ ಕಂಪ್ಯೂಟರುಗಳನ್ನೂ ಒಯ್ಯಿರಿ. ಬಂದ ಮೇಲನ್ನು ಅಳಿಸಬೇಡಿ, ಅದೇ ಸಾಕ್ಷಿ. ನಿಮ್ಮ ಹೆಸರಿನ ಪತ್ರ ತಲುಪಿದವರಲ್ಲಿ ಒಬ್ಬಿಬ್ಬರನ್ನು ಫೋನಿಗೆ ಸಿಗುವಂತೆ ಇರಲು ಹೇಳಿ. ಇನ್ನೊಂದು, ಮೇಲ್ ಖಾತೆಯ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ನಮ್ಮದು ಸಾಹುಕಾರರ ಮೊಬೈಲಿಗೆ ಹೋಗುತ್ತಿತ್ತು. ಅವರು ಅಂದು ಸೇಡಂನಲ್ಲಿ ಮದುವೆಗೆ ಹೋಗಿದ್ದರು, ಬ್ಯಾಂಡಿನ ಸದ್ದಿನಲ್ಲಿ ಅವರಿಗೆ ಫೋನ್ ಕೇಳಿಸುವವರೆಗೆ ಪಾಸ್‌ವರ್ಡ್ ಬದಲಾಯಿಸುವ ಕೆಲಸ ನಿಂತೇ ಇತ್ತು.